ಮೊದಲು ತಪಾಸಣೆ, ಆಮೇಲೆ ಪಾರ್ಟ್

ಬ್ರೇಕ್ ವಿಷಯದಲ್ಲಿ ಯಾರೂ ಚೌಕಾಸಿಗೆ ಇಳಿಯುವುದಿಲ್ಲ, ಇಳಿಯಲೂಬಾರದು. ಹಾಗಂತ ಕೆಟ್ಟಿರುವುದು ಯಾವುದು ಎಂದು ತಿಳಿದುಕೊಳ್ಳದೆ ದುಡ್ಡು ಸುರಿದರೆ ಜೇಬೂ ಖಾಲಿ, ಬ್ರೇಕೂ ಸರಿಹೋಗದು. ನನ್ನ ಅನುಭವವನ್ನೇ ಹೇಳುತ್ತೇನೆ.

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಯಿತು. ಮೊದಲ ಸಲ ಒತ್ತಿದರೆ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು, ಎರಡು ಮೂರು ಸಲ ಒತ್ತಿದ ಮೇಲೆ ಹಿಡಿತ ಸಿಗುತ್ತಿತ್ತು. ಸರ್ವಿಸ್ ಸೆಂಟರ್ ಒಂದಕ್ಕೆ ಒಯ್ದೆ. ಮಾಸ್ಟರ್ ಸಿಲಿಂಡರ್, ಬೂಸ್ಟರ್, ಮುಂದಿನ ಪ್ಯಾಡ್, ಲೇಬರ್, ಜಿಎಸ್‌ಟಿ ಎಲ್ಲ ಸೇರಿ ಸುಮಾರು 16 ಸಾವಿರದ ಎಸ್ಟಿಮೇಟ್ ಕೈಗಿಟ್ಟರು. ಏನೇನು ಪರೀಕ್ಷೆ ಮಾಡಿದಿರಿ ಎಂದು ಕೇಳಿದೆ. “ಪೆಡಲ್ ಮೆತ್ತಗಿದ್ರೆ ಸಾಮಾನ್ಯವಾಗಿ ಅದೇ ಇರುತ್ತೆ ಸಾರ್” ಎಂದರು. ಬರೀ ಅಂದಾಜಿಗೆ ಅಷ್ಟು ಹಣ ಕೊಡಲು ಮನಸ್ಸು ಒಪ್ಪಲಿಲ್ಲ. ಅಂಥ ಗಾಡಿಯನ್ನು ಓಡಿಸುವುದೂ ಬೇಡವೆಂದು, ವಿಮೆಯ ಜೊತೆ ತೆಗೆದುಕೊಂಡಿದ್ದ ರೋಡ್‌ಸೈಡ್ ಅಸಿಸ್ಟೆನ್ಸ್‌ನಲ್ಲಿ ಟೋ ಮಾಡಿಸಿ ನಮ್ಮ ಬಡಾವಣೆಯ ಮೇಸ್ತ್ರಿಯ ಗ್ಯಾರೇಜಿಗೆ ತರಿಸಿದೆ.

ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲು ನನ್ನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿದರು. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಲು ಹೇಳಿದರು. ಪೆಡಲ್ ತುಸು ಕೆಳಗಿಳಿಯಿತು. ಅಂದರೆ ಬೂಸ್ಟರ್ ಸರಿಯಾಗಿದೆ. ಅದು ಕೆಟ್ಟರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ಎಸ್ಟಿಮೇಟಿನ ಒಂದು ಸಾಲು ಅಲ್ಲಿಗೆ ಬಿದ್ದುಹೋಯಿತು.

ಆಮೇಲೆ ಒಂದೇ ಸಮನೆ ಒತ್ತಿ ಹಿಡಿಯಲು ಹೇಳಿದರು. ಹೊರಗೆಲ್ಲೂ ಸೋರಿಕೆಯಿಲ್ಲದೆ ಪೆಡಲ್ ನಿಧಾನವಾಗಿ ನೆಲದತ್ತ ಇಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಕೈಕೊಟ್ಟಿರುವ ಸಂಭವ ಹೆಚ್ಚು. ನಮ್ಮದು ಇಳಿಯಲಿಲ್ಲ. ಪದೇ ಪದೇ ಒತ್ತಿದಾಗ ಪೆಡಲ್ ಮೇಲೇಳುತ್ತಿದ್ದರೆ ಲೈನಿನಲ್ಲಿ ಏರ್ ಸೇರಿದೆ, ಇಲ್ಲವೇ ಹಿಂದಿನ ಡ್ರಮ್ಮಿನಲ್ಲಿ ಶೂ ಅಂತರ ಹೆಚ್ಚಾಗಿದೆ ಎಂದು ಲೆಕ್ಕ. ಬಾನೆಟ್ ತೆರೆದು ನೋಡಿದರೆ ಬ್ರೇಕ್ ಆಯಿಲ್ ಕನಿಷ್ಠ ಗೆರೆಗಿಂತ ಕೆಳಗಿತ್ತು. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಅಷ್ಟೊಂದು ಇಳಿದಿದ್ದರೆ ಎಲ್ಲೋ ಸೋರುತ್ತಿರುವ ಸಂಭವ ಹೆಚ್ಚು.

ಹಿಂದಿನ ಎಡಚಕ್ರದ ಒಳಮೈ ಒದ್ದೆಯಾಗಿತ್ತು. ಡ್ರಮ್ ಬಿಚ್ಚಿ, ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಎತ್ತಿದಾಗ ಆಯಿಲ್ ತೊಟ್ಟಿಕ್ಕಿತು. ಶೂ ಲೈನರಿಗೂ ಮೆತ್ತಿಕೊಂಡಿತ್ತು. ಎರಡೂ ಹಿಂಚಕ್ರಗಳ ವೀಲ್ ಸಿಲಿಂಡರ್ ಮತ್ತು ಶೂ ಬದಲಾದವು, ಹೊಸ ಆಯಿಲ್ ಬಿತ್ತು. ಕೊನೆಗೆ ಏರ್ ತೆಗೆಯುವ ಕೆಲಸ. ನಾನು ಪೆಡಲ್ ಒತ್ತಿ ಹಿಡಿದಾಗ ಅವರು ನಿಪ್ಪಲ್ ಸಡಿಲಿಸುವರು, ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು ಬಾಟಲಿಗೆ ಹರಿಯುವವು. “ಕಾಲು ತೆಗೀಬೇಡಿ ಸಾರ್, ನಾನು ಟೈಟ್ ಮಾಡೋವರೆಗೂ” ಎನ್ನುವರು. ಗುಳ್ಳೆ ನಿಂತಮೇಲೆ ಪೆಡಲ್ ಗಟ್ಟಿಯಾಯಿತು. ಬಿಲ್ಲು 4 ಸಾವಿರದೊಳಗೆ ಮುಗಿಯಿತು. ತಪಾಸಣೆಗೆಂದೇ ಅವರು ಬೇರೆಯಾಗಿ ಹಾಕಿದ್ದ ಹಣವೇ ಅದರಲ್ಲಿ ಅತ್ಯಂತ ಸಾರ್ಥಕ ಖರ್ಚು.

ಇಷ್ಟೂ ಖರ್ಚು ನಮ್ಮ ಕೈಯಿಂದಲೇ ಆಗಬೇಕು. ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೂ ಸವಕಳಿಗೆ, ಯಾಂತ್ರಿಕ ದೋಷಕ್ಕೆ ವಿಮೆ ಸಿಗುವುದಿಲ್ಲ. ಪ್ಯಾಡ್, ಶೂಗಳಂಥ ಸವೆಯುವ ಭಾಗಗಳನ್ನು ವಾರಂಟಿ ಕೂಡ ಸಾಮಾನ್ಯವಾಗಿ ಹೊರಗಿಡುತ್ತದೆ. ಹಾಗಾಗಿ ಹಳೆಯ ಕಾರು ಇಟ್ಟುಕೊಂಡವರು ಇಎಂಐ ಮುಗಿದ ಮೇಲೂ ತಿಂಗಳಿಗೆ ಸಾವಿರ ರೂಪಾಯಿಯನ್ನಾದರೂ ಗಾಡಿಯ ಹೆಸರಿನಲ್ಲಿ ಎತ್ತಿಡುವುದು ಒಳ್ಳೆಯದು. ಇನ್ನೊಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳಿಗೆಲ್ಲ ಜಿಎಸ್‌ಟಿ ಶೇ 18. ಹಳೆಯ ಶೇ 28ರ ದರ ಬಿಲ್ಲಿನಲ್ಲಿದ್ದರೆ ಪ್ರಶ್ನಿಸಿ.

ಎಲ್ಲಕ್ಕಿಂತ ಅಗ್ಗದ ರಕ್ಷಣೆ ಎಂದರೆ ಬ್ರೇಕ್ ಆಯಿಲ್ ಬದಲಾವಣೆ. ಈ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿಗೆ ನಿಗದಿಯಾದ ಕನಿಷ್ಠ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್, ತೇವ ಸೇರಿದ ಮೇಲೆ 155. ಚಾರ್ಮಾಡಿ, ಆಗುಂಬೆಯಂಥ ಘಾಟಿಯಲ್ಲಿ ಬ್ರೇಕ್ ತುಳಿಯುತ್ತಲೇ ಇಳಿದರೆ ಹಳೆಯ ಆಯಿಲ್ ಬಿಸಿಗೆ ಕುದ್ದು ಆವಿಯ ಗುಳ್ಳೆ ಕಟ್ಟಿ, ಪೆಡಲ್ ಏಕಾಏಕಿ ಕೆಳಗೆ ಹೋಗಬಹುದು. ಇಳಿಜಾರಿನಲ್ಲಿ ಗೇರ್ ತಗ್ಗಿಸಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು. ನಿಮ್ಮ ಗಾಡಿಯ ಅವಧಿ, ದರ್ಜೆ ಎರಡೂ ಕೈಪಿಡಿಯಲ್ಲಿರುತ್ತವೆ. ಬಾಟಲಿಗೆ ಕೆಲವು ನೂರು ರೂಪಾಯಿ ಅಷ್ಟೇ. ಎಂದೋ ತೆರೆದಿಟ್ಟ ಬಾಟಲಿಯದು ಮಾತ್ರ ಬೇಡ.

ಪೆಡಲ್ ಮೆತ್ತಗಾದರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಿ. ಆಯಿಲ್ ತುಂಬಿಸಿ ಒಂದೆರಡು ವಾರ ತಳ್ಳೋಣ ಎನ್ನಬೇಡಿ, ಸೋರಿಕೆ ಹಾಗೇ ಇರುತ್ತದೆ. ಎಬಿಎಸ್ ಇದ್ದರೆ ಏರ್ ತೆಗೆಯಲು ಸ್ಕ್ಯಾನರ್ ಬೇಕಾಗಬಹುದು, ಅದಿರುವ ಕಡೆಗೇ ಕೊಡಿ. ಯಾವ ಪರೀಕ್ಷೆಯಲ್ಲಿ ಯಾವ ದೋಷ ಕಂಡಿತು ಎಂದು ಎಸ್ಟಿಮೇಟಿನಲ್ಲಿ ಬರೆಸಿಕೊಳ್ಳಿ, ಬಿಚ್ಚಿದ ಹಳೆಯ ಪಾರ್ಟ್ ಕೇಳಿ ನೋಡಿ. ತಪಾಸಣೆಗೆ ಹಣ ಕೇಳುವ ಮೆಕ್ಯಾನಿಕ್‌ಗೆ ಸಂತೋಷದಿಂದ ಕೊಡಿ. ತಪಾಸಣೆಯನ್ನೇ ಮಾಡದೆ ಪಾರ್ಟ್ ಪಟ್ಟಿ ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.