ರೈತರ ಕ್ಲಬ್ಬಿನ ವಾರ್ಷಿಕ ಲೆಕ್ಕ ಮತ್ತು ಮೀಸಲು ನಿಧಿ

ರಾಶಿ ಮಾಡಿದ ರೈತನು ಮೊದಲು ಬಿತ್ತನೆ ಬೀಜವನ್ನು ತೆಗೆದಿಟ್ಟು, ಅನಂತರ ಊಟಕ್ಕೆಷ್ಟು, ಮಾರಾಟಕ್ಕೆಷ್ಟು ಎಂದು ಲೆಕ್ಕ ಹಾಕುತ್ತಾನೆ. ಗ್ರಾಮದ ರೈತರ ಕ್ಲಬ್ಬಿನ ಹಣಕ್ಕೂ ಇದೇ ಕ್ರಮ ಅವಶ್ಯ.

ನಬಾರ್ಡ್ ಬ್ಯಾಂಕು 1982ರಲ್ಲಿ 'ವಿಕಾಸ್ ವಾಲಂಟಿಯರ್ ವಾಹಿನಿ' ಎಂಬ ಹೆಸರಿನಿಂದ ಆರಂಭಿಸಿದ ಕಾರ್ಯಕ್ರಮಕ್ಕೆ 2005ರಲ್ಲಿ ರೈತರ ಕ್ಲಬ್ ಎಂಬ ಹೆಸರು ಬಂದಿತು. ಇಂತಹ ಕ್ಲಬ್ಬುಗಳಿಗೆ ದೊರೆಯುವ ಧನಸಹಾಯ ಕೆಲವು ವರ್ಷಗಳಿಗೆ ಮಾತ್ರ ಸೀಮಿತ. ಅನಂತರ ಕ್ಲಬ್ಬು ತನ್ನ ಕಾಲ ಮೇಲೆ ನಿಲ್ಲಬೇಕು.

ಉದಾಹರಣೆ

40 ಸದಸ್ಯರ ಒಂದು ಕ್ಲಬ್ಬಿನಲ್ಲಿ 30,000 ರೂ. ಬೆಲೆಯ ಎರಡು ಪವರ್ ಸ್ಪ್ರೇಯರುಗಳಿವೆ ಎಂದಿಟ್ಟುಕೊಳ್ಳಿ.

ಆದಾಯ:
ಸದಸ್ಯ ಶುಲ್ಕ (40 × 300) – 12,000 ರೂ.
ಸ್ಪ್ರೇಯರ್ ಬಾಡಿಗೆ (120 ದಿನ × 100) – 12,000 ರೂ.
ಒಟ್ಟು – 24,000 ರೂ.

ಖರ್ಚು:
ಕೊಠಡಿ ಬಾಡಿಗೆ – 6,000 ರೂ.
ಪತ್ರಿಕೆ, ಲೇಖನ ಸಾಮಗ್ರಿ – 2,400 ರೂ.
ಯಂತ್ರಗಳ ರಿಪೇರಿ – 4,000 ರೂ.
ಸಭೆ, ಕ್ಷೇತ್ರೋತ್ಸವ – 4,800 ರೂ.
ಒಟ್ಟು – 17,200 ರೂ.

ಕೈಯಲ್ಲಿ ಉಳಿಯುವುದು 6,800 ರೂ. ಇದನ್ನೆಲ್ಲ ಉಳಿತಾಯವೆಂದು ತಿಳಿಯುವುದು ತಪ್ಪು. ಸ್ಪ್ರೇಯರುಗಳು ಆರು ವರ್ಷ ಬಾಳಿದರೆ, ಪ್ರತಿ ವರ್ಷ 5,000 ರೂ. ಮೌಲ್ಯ ಸವೆಯುತ್ತದೆ. ಅದನ್ನು ಕಳೆದರೆ ನಿಜವಾದ ಉಳಿತಾಯ 1,800 ರೂ. ಮಾತ್ರ. 6,800 ರೂಪಾಯಿಯನ್ನೂ ವಾರ್ಷಿಕೋತ್ಸವಕ್ಕೆ ಖರ್ಚು ಮಾಡಿದ ಕ್ಲಬ್ಬಿಗೆ, ಬೆಳೆಗೆ ಕೀಟ ಬಿದ್ದ ವಾರದಲ್ಲಿಯೇ ಯಂತ್ರ ಕೆಟ್ಟರೆ ದಿಕ್ಕಿಲ್ಲ. ಬಾಡಿಗೆ ನಿಲ್ಲುತ್ತದೆ, ಶುಲ್ಕ ಕೊಡುವವರೂ ಹಿಂದೆ ಸರಿಯುತ್ತಾರೆ.

ಅನುಸರಿಸಬೇಕಾದ ಕ್ರಮಗಳು

1. ಯಂತ್ರ ಬದಲಾವಣೆ ನಿಧಿ: ವರ್ಷಕ್ಕೆ 5,000 ರೂ.ಗಳನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಡಿ. ಬಡ್ಡಿಯನ್ನು ತೆಗೆಯಬೇಡಿ, ಯಂತ್ರಗಳ ಬೆಲೆ ಏರಿದಾಗ ಅದು ನೆರವಾಗುತ್ತದೆ. ಠೇವಣಿಯ ಅವಧಿ ಮೇ ತಿಂಗಳಲ್ಲಿ ಮುಗಿದರೆ ಮುಂಗಾರಿಗೆ ಹಣ ಒದಗುತ್ತದೆ.

2. ಸಾಮಾನ್ಯ ಮೀಸಲು ನಿಧಿ: ಅರ್ಧ ವರ್ಷದ ಖರ್ಚು, ಅಂದರೆ 8,600 ರೂ. ಇರುವುದು ಲೇಸು. ವರ್ಷಕ್ಕೆ 1,800 ರೂ.ನಂತೆ ಇದಕ್ಕೆ ಸುಮಾರು ಐದು ವರ್ಷ ಹಿಡಿಯುತ್ತದೆ. ಬರಗಾಲದಲ್ಲಿ ಶುಲ್ಕ ಬಾರದಿದ್ದರೆ ಮಾತ್ರ ಇದನ್ನು ಮುಟ್ಟಬೇಕು; ಮುಂದಿನ ವರ್ಷಗಳಲ್ಲಿ ಮತ್ತೆ ತುಂಬಬೇಕು.

3. ಎರಡೂ ನಿಧಿಗಳನ್ನು ಲೆಕ್ಕದ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಬರೆಯಿರಿ. ಹಣ ತೆಗೆಯಲು ಇಬ್ಬರ ಸಹಿ ಇರಲಿ.

4. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ನೋಂದಣಿಯಾದ ಕ್ಲಬ್ಬು ಪ್ರತಿ ವರ್ಷ ಲೆಕ್ಕಪರಿಶೋಧನೆ ಮಾಡಿಸಿ, ಸರ್ವಸದಸ್ಯರ ಸಭೆ ನಡೆಸಿ, ರಿಜಿಸ್ಟ್ರಾರರಿಗೆ ಲೆಕ್ಕಪತ್ರ ಸಲ್ಲಿಸತಕ್ಕದ್ದು. ಉಳಿದ ಹಣವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ.

ಮೊದಲು ಮೀಸಲು, ಅನಂತರ ಸಮಾರಂಭ: ಮುಂದಿನ ವಾರ್ಷಿಕ ಸಭೆಯಲ್ಲಿ ಈ ನಿರ್ಣಯವನ್ನು ಅಂಗೀಕರಿಸಿ ನಡವಳಿ ಪುಸ್ತಕದಲ್ಲಿ ದಾಖಲಿಸಿರಿ.