ಎಳನೀರು, ಕೊಳವೆಬಾವಿ ಮತ್ತು ವಾಯುಒತ್ತಡ

ಎಳನೀರಿಗೆ ಕೊಳವೆ ಹಾಕಿ ಹೀರುವಾಗ ಬಾಯೊಳಗಿನ ಒತ್ತಡ ತಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಮೇಲಕ್ಕೆ ಒತ್ತುತ್ತದೆ. ಪರೀಕ್ಷಾರ್ಥಿಗಳು ಇದನ್ನು ಬಾಯಿಪಾಠ ಮಾಡದೆ ಅರಿಯಬೇಕು. ಹೀರುವಿಕೆಗೊಂದು ಮಿತಿ ಏಕಿದೆಯೆಂಬುದು ಆಗಲೇ ತಿಳಿಯುವುದು. ಸಮುದ್ರಮಟ್ಟದ 1013 ಮಿಲಿಬಾರ್ ಒತ್ತಡ ನೀರನ್ನು ಹೆಚ್ಚೆಂದರೆ ಸುಮಾರು 10.3 ಮೀಟರ್ ಏರಿಸಬಲ್ಲದು. ಸುಮಾರು 850 ಮೀಟರ್ ಎತ್ತರದಲ್ಲಿರುವ ತಿಪಟೂರಿನಲ್ಲಿ ಆ ಮಿತಿ 9.3 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ನಿಜವಾದ ಪಂಪಿಗೆ ಇನ್ನೂ ಕಡಿಮೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳ ಆಳದ ಕೊಳವೆಬಾವಿಗಳಲ್ಲಿ ಪಂಪು-ಮೋಟಾರನ್ನು ನೀರಿನೊಳಗೇ ಇಳಿಬಿಡುವುದು ಇದೇ ಕಾರಣಕ್ಕೆ: ಅದು ನೀರನ್ನು ಕೆಳಗಿನಿಂದ ತಳ್ಳುತ್ತದೆ.

ಹಾಗಾದರೆ 20 ಮೀಟರ್ ಎತ್ತರದ ತೆಂಗಿನ ಗರಿಗೆ ನೀರೇರುವುದು ಹೇಗೆ? ಈ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ದುಡಿಯುವ ಬಲ ಬೇರೆ: ಗರಿಗಳ ಬಾಷ್ಪವಿಸರ್ಜನೆಯ ಸೆಳೆತ, ಜೊತೆಗೆ ನೀರಿನ ಅಣುಗಳು ಒಂದನ್ನೊಂದು ಬಿಡದೆ ಹಿಡಿದುಕೊಳ್ಳುವ ಆಕರ್ಷಣೆ.