ಓಡದ ಕಾರಿಗೂ ಆಯಿಲ್ ಬದಲಿಸಬೇಕೆ?

ಪ್ರಶ್ನೆ: ನಮ್ಮದು ಹಳೆಯ ಪೆಟ್ರೋಲ್ ಕಾರು. ಬೈಂದೂರು ಪೇಟೆ, ಮಕ್ಕಳ ಶಾಲೆ, ಅಪರೂಪಕ್ಕೆ ಕೊಲ್ಲೂರು, ಇಷ್ಟೇ ಓಡಾಟ. ವರ್ಷಕ್ಕೆ ಮೂರು ಸಾವಿರ ಕಿ.ಮೀ. ದಾಟುವುದಿಲ್ಲ. ಆದರೂ ಮೆಕ್ಯಾನಿಕ್ ಪ್ರತಿ ವರ್ಷ ಆಯಿಲ್ ಬದಲಿಸಬೇಕು ಅನ್ನುತ್ತಾರೆ. ಈ ಸಲ ಫ್ಯಾನ್ ಬೆಲ್ಟ್, ಕೂಲಂಟ್ ಕೂಡ ಪಟ್ಟಿಗೆ ಸೇರಿದೆ. ಓಡದ ಗಾಡಿಗೆ ಇದೆಲ್ಲ ಎಂತಕ್ಕೆ?
– ಓದುಗರೊಬ್ಬರು, ಉಪ್ಪುಂದ

ಉತ್ತರ: ಆಯಿಲ್ ವಿಷಯದಲ್ಲಿ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಬೆಲ್ಟ್ ವಿಷಯಕ್ಕೆ ಬಾನೆಟ್ ಎತ್ತಿಸಿ, ಕಣ್ಣಾರೆ ನೋಡಿ ಒಪ್ಪಿಕೊಳ್ಳಿ.

ಹೆಚ್ಚಿನ ಕಾರುಗಳ ಸರ್ವಿಸ್ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಎಂದಿರುತ್ತದೆ. ನಾವು ಕಿಲೋಮೀಟರ್ ಲೆಕ್ಕ ಓದಿ ಪುಸ್ತಕ ಮುಚ್ಚಿಡುತ್ತೇವೆ. ನಿಮ್ಮಂಥ ಓಡಾಟಕ್ಕೆ ಲೆಕ್ಕಕ್ಕೆ ಬರುವುದು ವರ್ಷ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರ್ ದಾರಿ ಹಿಡಿಯುತ್ತದೆ. ಚೂರುಪಾರು ಪಿಸ್ಟನ್ ರಿಂಗ್‌ಗಳ ಸಂದಿಯಲ್ಲಿ ನುಸುಳಿ ಆಯಿಲ್ ಸೇರುತ್ತದೆ. ಕೊಲ್ಲೂರಿನವರೆಗೆ ಹೋದರೆ ಎಂಜಿನ್ ಚೆನ್ನಾಗಿ ಕಾದು ಆ ನೀರು ಆರಿಹೋಗುತ್ತದೆ. ಶಾಲೆಯವರೆಗೆ ಹೋಗಿ ಬಂದರೆ ಅಲ್ಲೇ ಉಳಿಯುತ್ತದೆ. ಮಳೆಗಾಲದಲ್ಲೊಮ್ಮೆ, ಎಂಜಿನ್ ತಣ್ಣಗಿರುವಾಗ, ಆಯಿಲ್ ಹಾಕುವ ಮುಚ್ಚಳ ಬಿಚ್ಚಿ ಅದರ ಒಳಮೈ ನೋಡಿ. ಮಜ್ಜಿಗೆ ನೊರೆಯಂಥ ಬಿಳಿ ಜಿಡ್ಡು ತೆಳ್ಳಗೆ ಅಂಟಿದ್ದರೆ ಅದು ಈ ನೀರಿನದೇ ಕೆಲಸ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಕಂಡು, ಕೂಲಂಟೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಗಾಡಿ ಓಡಿಸಬೇಡಿ.

ಮನೆಯವರೆಲ್ಲ ಬೆಂಗಳೂರು, ಮುಂಬೈಯಲ್ಲಿದ್ದು ಕಾರು ಊರಿನ ಶೆಡ್ಡಿನಲ್ಲಿರುವ ಮನೆಗಳು ನಮ್ಮಲ್ಲಿ ಬೇಕಷ್ಟಿವೆ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು 'ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿಡಿ' ಎನ್ನುವುದು ಉಪಕಾರಕ್ಕಿಂತ ಅಪಕಾರವೇ. ನೀರು ಹುಟ್ಟುತ್ತದೆ, ಆರುವುದಿಲ್ಲ. ಸ್ಟಾರ್ಟ್ ಮಾಡಲು ಖರ್ಚಾದ ಬ್ಯಾಟರಿಯೂ ತುಂಬುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ತನ್ನಿ ಎಂದು ಕೇಳಿಕೊಳ್ಳಿ. ಇಲಿ ವಯರ್ ಕಡಿದದ್ದೂ ಆಗಲೇ ಗೊತ್ತಾಗುತ್ತದೆ.

ಇನ್ನು ಬೆಲ್ಟ್. ರಬ್ಬರ್ ನಿಂತಲ್ಲೇ ಮುದಿಯಾಗುತ್ತದೆ. ಒಳಬದಿಯಲ್ಲಿ ಅಡ್ಡ ಬಿರುಕುಗಳಿದ್ದರೆ, ಅಂಚು ನೂಲೆದ್ದಿದ್ದರೆ, ಮಳೆಯ ಬೆಳಿಗ್ಗೆ ಕೀಂಯ್ ಎನ್ನುವುದು ಬಿಗಿ ಮಾಡಿಸಿದರೂ ನಿಲ್ಲದಿದ್ದರೆ ಬದಲಿಸಿ. ಟೈಮಿಂಗ್ ಬೆಲ್ಟ್ ಬೇರೆ, ಅದು ಹೊರಗಿನಿಂದ ಕಾಣುವುದಿಲ್ಲ. ಅನೇಕ ಎಂಜಿನ್‌ಗಳಲ್ಲಿ ಅದು ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಬಡಿಯುತ್ತದೆ. ಹಳೆಯ ಮಾರುತಿ 800ರಲ್ಲಿ ಇದ್ದದ್ದು ಬೆಲ್ಟ್. ಮಾರುತಿಯವರ ಕೆ ಸರಣಿಯ ಎಂಜಿನ್‌ಗಳಲ್ಲಿ ಚೈನ್. ನಿಮ್ಮದು ಯಾವುದೆಂದು ಕೇಳಿ. ಬೆಲ್ಟ್ ಆಗಿದ್ದರೆ ಪುಸ್ತಕದ ಗಡುವು ದಾಟಬೇಡಿ. ಇಲ್ಲಿ ಉಳಿತಾಯ ನೋಡುವವರು ಮೂರ್ಖರು ಎಂದೇ ನನ್ನ ಅಭಿಪ್ರಾಯ.

ಕೂಲಂಟ್ ಬರೀ ತಂಪಿಗಲ್ಲ, ತುಕ್ಕು ತಡೆಯುವ ಔಷಧವೂ ಅದರಲ್ಲಿರುತ್ತದೆ. ಕಾಲ ಕಳೆದಂತೆ ಆ ಗುಣ ಸಾಯುತ್ತದೆ. ಎಷ್ಟು ವರ್ಷಕ್ಕೆ ಬದಲಿಸಬೇಕೆಂಬುದು ಪುಸ್ತಕದಲ್ಲಿದೆ. ಕಡಿಮೆಯಾಯಿತೆಂದು ಬಾವಿ ನೀರು ಸುರಿಯಬೇಡಿ, ಕಡಲಬದಿಯ ಸವುಳು ನೀರನ್ನಂತೂ ಬೇಡವೇ ಬೇಡ. ಡಿಸ್ಟಿಲ್ಡ್ ವಾಟರ್ ಇಲ್ಲವೇ ಬೆರೆಸಿಟ್ಟ ಕೂಲಂಟೇ ಆಗಬೇಕು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಉಪ್ಪು ಹೊರಗಿನಿಂದಲೂ ಬರುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಆಷಾಢದ ಗಾಳಿಗೆ ಅಲ್ಲಿ ಗಾಜಿಗೆ ಹತ್ತುವ ಅಂಟು ಮಂಜೇ ರೇಡಿಯೇಟರ್, ಎಸಿ ಕಂಡೆನ್ಸರುಗಳ ತೆಳು ಅಲ್ಯೂಮಿನಿಯಂ ರೆಕ್ಕೆಗಳಲ್ಲೂ ಕೂರುತ್ತದೆ. ಅಲ್ಲಿ ಹಾದು ಬಂದ ಮೇಲೆ, ಎಂಜಿನ್ ತಣಿದ ನಂತರ, ಮುಂಭಾಗಕ್ಕೆ ಪೈಪಿನ ಸಿಹಿನೀರು ನಿಧಾನವಾಗಿ ಬಿಡಿ. ವಾಟರ್ ಸರ್ವಿಸಿನ ಪ್ರೆಶರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ. ಬಾರ್ಕೂರು, ಬ್ರಹ್ಮಾವರದ ಒಳಭಾಗದವರಿಗೆ ಈ ಕಾಟ ಅಷ್ಟಿಲ್ಲ.

ಬಿಡಿಭಾಗ ಬದಲಿಸುವಾಗ ಒಂದು ಪದ್ಧತಿ ಇಟ್ಟುಕೊಳ್ಳಿ: ಹೊಸದರ ಖಾಲಿ ಪೆಟ್ಟಿಗೆ, ಬಿಚ್ಚಿದ ಹಳೆಯ ಭಾಗ, ಬಿಲ್ಲು, ಮೂರನ್ನೂ ಕೇಳಿ ಪಡೆಯಿರಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಿಸುವುದಿಲ್ಲ. ಬೇಸರಿಸಿದರೆ ಮುಂದಿನ ಸಲ ಬೇರೆ ಗ್ಯಾರೇಜ್ ನೋಡಿ.